ಹಸಿರು ಕಂಡಲ್ಲಿ ಮನೆ ಇತ್ತು

ಡರ್ನೆಸ್ ಊರು ಬಿಟ್ಟು ಅರ್ಧ ಗಂಟೆ ಆಗಿರಬಹುದು. ಮುಂದೆ ಎರಡು ಕಾರಿನಷ್ಟು ಉದ್ದ ರಸ್ತೆ ಕಾಣುತ್ತಿತ್ತು, ಅದರಾಚೆ ಬರೀ ಬಿಳಿ. ಎಡಗಡೆ ಸಮುದ್ರ ಇದೆ ಅಂತ ಗೊತ್ತು. ಅಲೆಯ ಸದ್ದು ಬರುತ್ತಿದೆ, ಉಪ್ಪಿನ ವಾಸನೆ ಬರುತ್ತಿದೆ, ನೀರು ಮಾತ್ರ ಕಾಣುತ್ತಿಲ್ಲ. ಇವರು ಸ್ಟೇರಿಂಗಿಗೆ ಎದೆ ತಾಗುವಷ್ಟು ಮುಂದೆ ಬಾಗಿ ಓಡಿಸುತ್ತಿದ್ದರು.

"ರೀ, ಒಂದು ನಿಮಿಷ ನಿಲ್ಸಿ, ಫೋಟೋ ತೆಗೀತೀನಿ."

"ಏನು ಕಾಣ್ತಿದೆ ಅಂತ ತೆಗೀತೀಯೇ? ಅಲ್ಲದೆ ಇಲ್ಲಿ ನಿಲ್ಸೋ ಹಾಗಿಲ್ಲ."

ನಿಲ್ಲಿಸೋ ಹಾಗಿಲ್ಲ ಅನ್ನೋದು ನಿಜ. ಸ್ಕಾಟ್ಲೆಂಡಿನ ಈ ಉತ್ತರದ ಅಂಚಿನಲ್ಲಿ ಎಷ್ಟೋ ಕಡೆ ರಸ್ತೆ ಒಂದೇ ಗಾಡಿಯ ಅಗಲ. ನೂರಿನ್ನೂರು ಮೀಟರಿಗೊಮ್ಮೆ ಪಕ್ಕಕ್ಕೆ ಹೊಟ್ಟೆ ಬಂದ ಹಾಗೆ ಅಗಲವಾಗುತ್ತೆ, ಅಲ್ಲೊಂದು ಬಿಳಿ ಬೋರ್ಡು, 'ಪಾಸಿಂಗ್ ಪ್ಲೇಸ್'. ಎದುರಿಗೆ ಗಾಡಿ ಬಂದರೆ ಯಾರಿಗೆ ಹತ್ತಿರವೋ ಅವರು ಸರಿಯಬೇಕು. ಜಾಗ ನಮ್ಮ ಎಡಕ್ಕಿದ್ದರೆ ಒಳಗೆ ನುಗ್ಗೋದು, ಬಲಕ್ಕಿದ್ದರೆ ಅದರ ಎದುರಿಗೆ ರಸ್ತೆಯಲ್ಲೇ ನಿಂತು ಅವರನ್ನು ಆ ಕಡೆ ಬಿಡೋದು. ಹಿಂದೆ ಊರಿನವರ ಗಾಡಿ ಬಂದರೆ ಅವರಿಗೂ ದಾರಿ ಕೊಡಬೇಕು, ಅವರು ಕೆಲಸಕ್ಕೆ ಹೋಗುವವರು, ನಾವು ಸುತ್ತಾಡಲು ಬಂದವರು. ದಾಟುವಾಗ ಇಬ್ಬರೂ ಸ್ಟೇರಿಂಗಿನಿಂದ ಬೆರಳೆತ್ತಿ ನಮಸ್ಕಾರದ ಹಾಗೆ ಒಂದು ಸನ್ನೆ ಮಾಡ್ತಾರೆ. ಮೊದಲ ದಿನ ಅದು ಹೊಸತು. ಎರಡನೇ ದಿನಕ್ಕೆ ನನಗೆ ಅದಿಲ್ಲದೆ ಆಗಲ್ಲ ಅನ್ನಿಸಿತು. ಮ್ಯಾಂಚೆಸ್ಟರಿನಲ್ಲಿ ಎಂಟು ವರ್ಷದಿಂದ ಇದ್ದೇವೆ, ಒಂದೇ ದಿನದಲ್ಲಿ ಇಷ್ಟು ಜನ ಅಪರಿಚಿತರು ನನ್ನ ಮುಖ ನೋಡಿ ಕೈಯೆತ್ತಿದ್ದು ನೆನಪಿಲ್ಲ.

ಇದು 2025ರ ಮೇ ಕೊನೆಯ ಮಾತು. ಮದುವೆಯಾಗಿ ಹತ್ತು ವರ್ಷ ಆಗಿತ್ತು, ಇಬ್ಬರೇ ಎಲ್ಲಾದರೂ ಹೋಗೋಣ ಅಂದುಕೊಂಡೆವು. ಇನ್ವರ್ನೆಸ್‌ನಿಂದ ಹೊರಟು ಉತ್ತರದ ಕರಾವಳಿಯನ್ನು ಸುತ್ತಿ ವಾಪಸ್ ಇನ್ವರ್ನೆಸ್‌ಗೇ ಬರುವ ದಾರಿಗೆ 2015ರಲ್ಲಿ 'ನಾರ್ತ್ ಕೋಸ್ಟ್ 500' ಅಂತ ಹೆಸರಿಟ್ಟರು. ಒಟ್ಟು 516 ಮೈಲಿ, ಸುಮಾರು 830 ಕಿಲೋಮೀಟರ್. ಇವರು ಮೈಸೂರಿನವರು, ಯಾವುದಕ್ಕೂ ಪಟ್ಟಿ ಬೇಕು. ಎಲ್ಲಿ ಎಷ್ಟು ಹೊತ್ತು, ಎಲ್ಲಿ ಊಟ, ಎಲ್ಲಿ ಪೆಟ್ರೋಲು ಎಲ್ಲ ಒಂದು ಹಾಳೆಯಲ್ಲಿ ಬರೆದಿದ್ದರು. ನಾನು ಸಾಗರದ ಕಡೆಯವಳು. ನನಗೆ ಒಂದು ಕಡೆ ಕೂತರೆ ಕೂತಲ್ಲೇ ಇರಬೇಕು ಅನ್ನಿಸುತ್ತೆ. ಹಾಗಾಗಿ ಮೊದಲೆರಡು ದಿನ ಕಾರಿನೊಳಗೆ ಸಣ್ಣ ಸಣ್ಣ ಮುನಿಸು ಇತ್ತು. ಅದನ್ನು ಮುಚ್ಚಿಡಲ್ಲ. ಹತ್ತು ವರ್ಷದಲ್ಲಿ ನಾವಿಬ್ಬರೂ ಕೆಲಸ, ಬಾಡಿಗೆ, ವೀಸಾ ಅಂತಲೇ ಜಾಸ್ತಿ ಮಾತಾಡಿದ್ದೆವು. ನಾಲ್ಕು ದಿನ ಎದುರುಬದುರು ಬೇರೇನು ಮಾತಾಡೋದು ಅನ್ನೋದೇ ಇಬ್ಬರಿಗೂ ಗೊತ್ತಿರಲಿಲ್ಲ.

ಉಲ್ಲಾಪುಲ್‌ನಲ್ಲಿ ಬಿಳಿ ಮನೆಗಳ ಸಾಲು, ಬಂದರಿನಲ್ಲಿ ದೋಣಿ. 1788ರಲ್ಲಿ ಹೆರಿಂಗ್ ಮೀನಿನ ವ್ಯಾಪಾರಕ್ಕೆ ಅಂತಲೇ ಕಟ್ಟಿದ ಊರು. ಚೆನ್ನಾಗಿದೆ. ಅಲ್ಲಿಂದ ಉತ್ತರಕ್ಕೆ ಹೋದರೆ ಕೈಲ್‌ಸ್ಕೂ ಸೇತುವೆ, ಬಿಲ್ಲಿನ ಹಾಗೆ ಬಾಗಿದ ಕಾಂಕ್ರೀಟು. ಆ ಸೇತುವೆ ಆಗಿದ್ದು 1984ರಲ್ಲಿ. ಅದಕ್ಕೆ ಮುಂಚೆ ಗಾಡಿಗಳನ್ನು ದೋಣಿಯಲ್ಲಿ ದಾಟಿಸುತ್ತಿದ್ದರು. ದೋಣಿ ನಿಂತರೆ ಬಹುದೂರ ಸುತ್ತಿ ಬರಬೇಕು. ಓದಿದ ತಕ್ಷಣ ನನಗೆ ಸಿಗಂದೂರಿನ ಲಾಂಚು ನೆನಪಾಯಿತು. ಅಂಬಾರಗೋಡ್ಲು ಕಡವಿನಲ್ಲಿ ಬಸ್ಸು, ಜೀಪು, ಬೈಕು, ಜನ ಎಲ್ಲ ಒಟ್ಟಿಗೆ ಲಾಂಚು ಹತ್ತುವುದು, ಸಂಜೆ ಕೊನೆಯ ಲಾಂಚು ತಪ್ಪಿದರೆ ಆಚೆ ದಡದವರು ಆಚೆಗೇ. ಅಲ್ಲೂ ಈಗ ಸೇತುವೆ ಆಗಿದೆ, ನಾವು ಈ ಪ್ರವಾಸದಿಂದ ಬಂದ ಎರಡು ತಿಂಗಳಿಗೆ, ಜುಲೈನಲ್ಲಿ ಉದ್ಘಾಟನೆ ಆಯಿತು. ಆದರೆ ಅವತ್ತು ಕೈಲ್‌ಸ್ಕೂನಲ್ಲಿ ನಿಂತಾಗ ಇದನ್ನು ಇವರಿಗೆ ಹೇಳಲಿಲ್ಲ. ಹೇಳಿದರೆ ಲಾಂಚು ಯಾಕೆ ಬೇಕಾಯಿತು ಅನ್ನೋದನ್ನೂ ಹೇಳಬೇಕಿತ್ತು.

ಡರ್ನೆಸ್‌ನಲ್ಲಿ ರಾತ್ರಿ ಉಳಿದೆವು. ಹತ್ತು ಗಂಟೆಯಾದರೂ ಬೆಳಕು ಹೋಗಿರಲಿಲ್ಲ. ಬೆಳಿಗ್ಗೆ ಸ್ಮೂ ಗುಹೆ ನೋಡಿದೆವು. ಬಾಯಿ ಸುಮಾರು 15 ಮೀಟರ್ ಎತ್ತರ. ಹೊರಗಿನ ಭಾಗವನ್ನು ಸಮುದ್ರ ಕೊರೆದದ್ದು, ಒಳಗಿನದನ್ನು ಹೊಳೆ ನೀರು ಕೊರೆದದ್ದು. ಒಳಗೆ ಮೇಲಿನ ತೂತಿನಿಂದ ಹೊಳೆ ಧುಮ್ಮಿಕ್ಕುತ್ತೆ, ಮಾತಾಡಿದ್ದು ಕೇಳಿಸಲ್ಲ. ಹೊರಗೆ ಬಂದಾಗ ಮಂಜು ಇಳಿಯಲು ಶುರುವಾಗಿತ್ತು. ಸಮುದ್ರದ ನೀರು ಇನ್ನೂ ಚಳಿಗಾಲದಷ್ಟೇ ತಣ್ಣಗಿರುತ್ತೆ, ಮೇಲೆ ಬೇಸಿಗೆಯ ಬೆಚ್ಚನೆಯ ಗಾಳಿ ಬರುತ್ತೆ, ಎರಡೂ ಸೇರಿದ ಕಡೆ ಮಂಜು ಹುಟ್ಟಿ ದಡಕ್ಕೆ ತೆವಳುತ್ತೆ. ಸ್ಕಾಟ್ಲೆಂಡಿನವರು ಇದಕ್ಕೆ 'ಹಾರ್' ಅನ್ನುತ್ತಾರೆ. ನಮ್ಮ ಕಾವಳ ಬೇರೆ, ಅದು ಬೆಳಗಿನ ಜಾವ ತೋಟದ ಮೇಲೆ ಮಲಗಿದ್ದು ಬಿಸಿಲು ಬಂದ ಕೂಡಲೇ ಏಳುತ್ತೆ. ಇದು ಮಧ್ಯಾಹ್ನಕ್ಕೂ ಏಳಲಿಲ್ಲ.

ಎರಿಬಾಲ್ ಅನ್ನೋ ಸಮುದ್ರದ ಚಾಚನ್ನು ಸುತ್ತಿ ಹೋಗುವಾಗಲೂ ಹಾಗೇ. ಎರಡನೇ ಮಹಾಯುದ್ಧ ಮುಗಿದಾಗ, 1945ರ ಮೇನಲ್ಲಿ, ಜರ್ಮನಿಯ ಸಬ್‌ಮರೀನುಗಳು ಬಂದು ಶರಣಾದದ್ದು ಇಲ್ಲೇ. ಇವರು ಆ ಜಾಗಕ್ಕೆ ಪಟ್ಟಿಯಲ್ಲಿ ಇಪ್ಪತ್ತು ನಿಮಿಷ ಇಟ್ಟಿದ್ದರು. ಏನೂ ಕಾಣದೆ ಮುಖ ಸಣ್ಣಗಾಯಿತು. ಪಾಪ ಅನ್ನಿಸಿತು. ಫ್ಲಾಸ್ಕಿನಿಂದ ಕಷಾಯ ಬಗ್ಗಿಸಿ ಕೊಟ್ಟೆ. ದಾರಿಯ ಬದಿಗೆ ಹಳದಿ ಹೂವಿನ ಮುಳ್ಳುಗಂಟಿ, ಗಾರ್ಸ್ ಅಂತ ಹೆಸರು. ಕಿಟಕಿ ಇಳಿಸಿದರೆ ಕೊಬ್ಬರಿಯ ವಾಸನೆ. ಎಣ್ಣೆ ಗಾಣದ ಮುಂದೆ ನಿಂತ ಹಾಗೆ, ಅಷ್ಟು ನಿಚ್ಚಳ. "ನಿಮಗೂ ಬಂತಾ?" ಅಂದೆ. "ನೀನು ತಲೆಗೆ ಹಚ್ಚಿರೋದು ಅಂದ್ಕೊಂಡೆ" ಅಂದರು. ಅವತ್ತು ಮೊದಲ ಸಲ ಇಬ್ಬರೂ ನಕ್ಕೆವು.

ಟಂಗ್ ಅನ್ನೋ ಊರು ದಾಟಿ ಬೆಟ್ಟಿಹಿಲ್ ಹತ್ತಿರ ಬರುವಾಗ ಟೈರು ಪಂಕ್ಚರ್ ಆಯಿತು. ಹೊಂಡ ಮಂಜಿನಲ್ಲಿ ಕಾಣಲಿಲ್ಲ. ನಮ್ಮ ಕಾರಿನಲ್ಲಿ ಸ್ಟೆಪ್ನಿ ಇಲ್ಲ, ಈಗಿನ ಎಷ್ಟೋ ಕಾರುಗಳಲ್ಲಿ ಇರಲ್ಲ. ಬರೀ ನೊರೆ ತುಂಬಿಸುವ ಒಂದು ಡಬ್ಬ. ಫೋನಿಗೆ ಸಿಗ್ನಲ್ ಇಲ್ಲ. ಹದಿನೈದು ನಿಮಿಷ ಆದ ಮೇಲೆ ಮಂಜಿನೊಳಗಿಂದ ಒಂದು ಹಳೇ ಪಿಕಪ್ ಬಂತು, ಹಿಂದೆ ಒಂದು ನಾಯಿ, ಎರಡು ಕುರಿಮರಿ. ಓಡಿಸುತ್ತಿದ್ದದ್ದು ಎಪ್ಪತ್ತರ ಆಸುಪಾಸಿನ ಹೆಂಗಸು. ಕೇಳದೆಯೇ ನಿಲ್ಲಿಸಿದರು. ಟೈರು ನೋಡಿ, ಆ ಡಬ್ಬ ಹಾಕಬೇಡಿ, ಹಾಕಿದರೆ ಆಮೇಲೆ ರಿಪೇರಿ ಕಷ್ಟ, ನನ್ನ ಮಗ ಪ್ಲಗ್ ಹಾಕುತ್ತಾನೆ ಅಂದರು. ಗಾಳಿ ಹೊಡೆಯುವ ಪಂಪು ಅವರ ಗಾಡಿಯಲ್ಲೇ ಇತ್ತು. ಹೊಡೆದ ಗಾಳಿ ಇಳಿಯುವಷ್ಟರಲ್ಲಿ ಅವರ ಮನೆ ಸೇರಿದೆವು.

ಮಗ ಟೈರು ನೋಡುತ್ತಿದ್ದಾಗ ನಾವು ಅಡುಗೆಮನೆಯಲ್ಲಿ ಕೂತಿದ್ದೆವು. ಚಹಾ, ಓಟ್ಸಿನ ಗಟ್ಟಿ ಬಿಸ್ಕತ್ತು, ಬೆಣ್ಣೆ. ಕಿಟಕಿಯ ಆಚೆ ಸಣ್ಣ ಗದ್ದೆಯಂಥ ಪಟ್ಟಿ, ಅದರಾಚೆ ಬಂಡೆ, ಅದರಾಚೆ ಸಮುದ್ರ. ಹೀಗೆ ಮನೆ ಮತ್ತು ಚೂರು ನೆಲ ಇರೋದನ್ನು ಕ್ರಾಫ್ಟ್ ಅನ್ನುತ್ತಾರೆ. "ಎಷ್ಟು ಒಳ್ಳೆ ಜಾಗದಲ್ಲಿದ್ದೀರಿ" ಅಂದೆ. ಬಂದವರೆಲ್ಲ ಹೇಳುವ ಮಾತೇ ಇರಬೇಕು. ಅವರು ಕಿಟಕಿ ಕಡೆ ನೋಡಿ, "ನಮ್ಮವರು ಇಲ್ಲಿಗೆ ಇಷ್ಟಪಟ್ಟು ಬಂದವರಲ್ಲ" ಅಂದರು. "ನಮ್ಮದು ಒಳಗಿನ ಕಣಿವೆ. ಟೈರು ಸರಿಯಾದ ಮೇಲೆ ಹೊತ್ತಿದ್ದರೆ ರೋಸಲ್‌ಗೆ ಹೋಗಿ ಬನ್ನಿ."

ರೋಸಲ್ ಪಟ್ಟಿಯಲ್ಲಿ ಇರಲಿಲ್ಲ. ಸಮುದ್ರ ಬಿಟ್ಟು ಒಳಕ್ಕೆ ಇಪ್ಪತ್ತು ಕಿಲೋಮೀಟರಿನ ಹತ್ತಿರ ಹೋಗಬೇಕು. ಇವರು ಗಡಿಯಾರ ನೋಡಿದರು, ನನ್ನ ಮುಖ ನೋಡಿದರು. "ಹೋಗೋಣ" ಅಂದರು.

ಒಳಗೆ ಹೋದ ಹಾಗೆ ಮಂಜು ತೆಳುವಾಯಿತು. ಕಣಿವೆಯ ಹೆಸರು ಸ್ಟ್ರಾತ್‌ನೇವರ್, ಮಧ್ಯೆ ನೇವರ್ ನದಿ. ಅಗಲವಾದ ಸಪಾಟು ನೆಲ, ಎರಡೂ ಕಡೆ ಕಂದು ಬಣ್ಣದ ಗುಡ್ಡ. ಎಲ್ಲೋ ಒಂದೊಂದು ಮನೆ, ಉಳಿದಂತೆ ಯಾರೂ ಇಲ್ಲ. ಕಾರು ನಿಲ್ಲಿಸಿ ನೆಟ್ಟ ಸೂಚಿಪರ್ಣದ ಕಾಡಿನೊಳಗೆ ನಡೆದೆವು. ಕಾಡು ಒಮ್ಮೆಲೇ ತೆರೆದುಕೊಂಡು ಹಸಿರು ಬಯಲು ಕಂಡಿತು, ಸುತ್ತ ಕಲ್ಲಿನ ಪಾಗಾರದ ಉಳಿಕೆ. ಒಳಗೆ ಅಲ್ಲಲ್ಲಿ ಮೊಣಕಾಲೆತ್ತರದ ಉದ್ದನೆಯ ದಿಬ್ಬಗಳು. ಹತ್ತಿರ ಹೋದರೆ ಅವು ಮನೆಗಳ ತಳಪಾಯ. ಮೂಲೆ ಕಲ್ಲು ಇನ್ನೂ ಕೂತಲ್ಲೇ ಇದೆ. ಒಂದೇ ಸೂರಿನ ಕೆಳಗೆ ಈ ಕಡೆ ಜನ, ಆ ಕಡೆ ದನ. ಮಧ್ಯೆ ಒಲೆ. ಒಂದು ಮನೆಯ ಒಳಗೆ ನಿಂತು ಕಾಲಡಿ ನೋಡಿದೆ. ಹುಲ್ಲು ಮೆತ್ತಗೆ, ಗಾಢ ಹಸಿರು, ಕುರಿ ಮೇದು ಕತ್ತರಿಸಿದ ಹಾಗೆ ಸಮ. ಪಾಗಾರದ ಆಚೆ ಅದೇ ಕಂದು ಹೆದರ್ ಗಿಡ, ಕೆಸರು. ಇಲ್ಲಿ ಮಾತ್ರ ಯಾಕೆ ಹಸಿರು? ತಲೆಮಾರುಗಟ್ಟಲೆ ಗೊಬ್ಬರ ಹಾಕಿದ ನೆಲ. ಇನ್ನೂರು ವರ್ಷ ಆದರೂ ಮಣ್ಣು ಮರೆತಿಲ್ಲ.

ಆಗಿದ್ದು ಇಷ್ಟು. ಈ ಸೀಮೆಯೆಲ್ಲ ಸದರ್‌ಲ್ಯಾಂಡಿನ ಕೌಂಟೆಸ್ ಎಲಿಜಬೆತ್ ಮತ್ತು ಅವಳ ಗಂಡನ ಜಮೀನುದಾರಿಕೆ. ಜನರ ಬೇಸಾಯದಿಂದ ಬರುವ ಗೇಣಿಗಿಂತ ಕುರಿ ಸಾಕುವ ದೊಡ್ಡ ಗುತ್ತಿಗೆದಾರರಿಂದ ಜಾಸ್ತಿ ದುಡ್ಡು ಬರುತ್ತೆ ಅಂತ ಲೆಕ್ಕ ಆಯಿತು. 1814ರಲ್ಲಿ ಒಮ್ಮೆ, 1819ರಲ್ಲಿ ಮತ್ತೊಮ್ಮೆ, ಕಣಿವೆಯ ಜನರನ್ನು ಒಕ್ಕಲೆಬ್ಬಿಸಿದರು. ಕಡಲಂಚಿನ ಬಂಡೆಯ ಮೇಲೆ ಚೂರು ಚೂರು ನೆಲ ಕೊಟ್ಟು ಮೀನು ಹಿಡಿಯಿರಿ ಅಂದರು. ಹುಟ್ಟಿದಾಗಿನಿಂದ ದನ ಸಾಕಿದವರಿಗೆ, ಸಮುದ್ರಕ್ಕೆ ದೋಣಿ ಇಳಿಸಿ ಗೊತ್ತಿಲ್ಲದವರಿಗೆ. ಮರ ಕಡಿಮೆ ಇರುವ ಸೀಮೆ ಇದು, ಮನೆಯ ಜಂತಿ ಅಂದರೆ ಆಸ್ತಿ. ಹೋದವರು ವಾಪಸ್ ಬಂದು ಸೂರು ಕಟ್ಟಬಾರದು ಅಂತ ಆ ಜಂತಿಗಳಿಗೇ ಬೆಂಕಿ ಇಟ್ಟರು. ರೋಸಲ್‌ನವನೇ ಆದ ಕಲ್ಲುಕುಟಿಗ ಡೊನಾಲ್ಡ್ ಮೆಕ್ಲಾಯ್ಡ್, ಒಂದು ರಾತ್ರಿ ಗುಡ್ಡ ಹತ್ತಿ ನೋಡಿದಾಗ ಉರಿಯುತ್ತಿದ್ದ 250 ಮನೆಗಳನ್ನು ಎಣಿಸಿದೆ ಅಂತ ಬರೆದಿಟ್ಟಿದ್ದಾನೆ. ಮುಂದೆ ನಿಂತು ಇದನ್ನು ಮಾಡಿಸಿದ ಪ್ಯಾಟ್ರಿಕ್ ಸೆಲ್ಲರ್ ಮೇಲೆ 1816ರಲ್ಲಿ ಇನ್ವರ್ನೆಸ್‌ನಲ್ಲಿ ಮೊಕದ್ದಮೆ ನಡೆಯಿತು, ಖುಲಾಸೆಯಾದ. ಕಣಿವೆಯಲ್ಲಿ ಒಳ್ಳೆಯ ಜಮೀನು ಅವನಿಗೇ ಗುತ್ತಿಗೆಗೆ ಸಿಕ್ಕಿತ್ತು.

ಬೆಟ್ಟಿಹಿಲ್ ಅನ್ನೋ ಹೆಸರಿನ 'ಬೆಟ್ಟಿ' ಅಂದರೆ ಅದೇ ಎಲಿಜಬೆತ್. ಎಬ್ಬಿಸಿದವಳ ಹೆಸರೇ ಎಬ್ಬಿಸಿಕೊಂಡವರ ಊರಿಗೆ. ಗಂಡ ಆಮೇಲೆ ಡ್ಯೂಕ್ ಆದ. ಗಾಲ್ಸ್‌ಪಿ ಊರಿನ ಮೇಲಿನ ಬೆಟ್ಟದ ತುದಿಯಲ್ಲಿ ಅವನ ಭಾರಿ ಪ್ರತಿಮೆ ಈಗಲೂ ನಿಂತಿದೆ, ಅದನ್ನು ಕೆಡವಬೇಕು ಅನ್ನುವವರೂ ಇದ್ದಾರೆ. ಮರುದಿನ ವಾಪಸ್ ಬರುವಾಗ ಕಂಡಿತು. ನಾನು ಫೋಟೋ ತೆಗೆಯಲಿಲ್ಲ.

ರೋಸಲ್‌ನ ಆ ಕಲ್ಲಿನ ಮೇಲೆ ಕೂತೇ ನಾನು ಇವರಿಗೆ ಹೇಳಿದ್ದು. ಹತ್ತು ವರ್ಷದಲ್ಲಿ ಹೇಳದ್ದು.

ಅಮ್ಮನ ತವರು ಮುಳುಗಡೆ ಸೀಮೆ ಅಂತ ಇವರಿಗೆ ಗೊತ್ತಿತ್ತು. ಅಷ್ಟೇ ಗೊತ್ತಿತ್ತು. ಲಿಂಗನಮಕ್ಕಿ ಡ್ಯಾಮು ಆಗಿದ್ದು 1964ರಲ್ಲಿ. ಅದಕ್ಕೆ ಮುಂಚೆ ಒಂದು ಬೇಸಿಗೆಯಲ್ಲಿ ಅಜ್ಜನ ಮನೆಯ ಮುಂದೆ ಲಾರಿ ಬಂತು. ಅಮ್ಮನಿಗೆ ಆರು ವರ್ಷ. ಅಡಿಕೆ ತೋಟ, ಕೊಟ್ಟಿಗೆ, ಜಗುಲಿ ಎಲ್ಲ ಹಾಗೇ ಬಿಟ್ಟು, ಹೆಂಚು ಇಳಿಸಿ, ಜಂತಿ ಬಿಚ್ಚಿ, ಒರಳುಕಲ್ಲು ಹತ್ತಿಸಿ, ಶಿವಮೊಗ್ಗದ ಕಡೆ ಒಂದು ಕಾಡಿನಲ್ಲಿ ಇಳಿಸಿದರಂತೆ. ಅಜ್ಜ ಮುಂಬಾಗಿಲಿನ ದಾರಂದವನ್ನು ಮಾತ್ರ ಯಾರ ಕೈಗೂ ಕೊಡದೆ ಲಾರಿಯ ಹಿಂದೆ ಹಿಡಿದುಕೊಂಡೇ ನಿಂತಿದ್ದರಂತೆ. ಹೊಸ ಜಾಗದಲ್ಲಿ ಮಳೆಗಾಲ ಶುರುವಾದಾಗ ಗೋಡೆ ಎದ್ದಿರಲಿಲ್ಲ. ದಾರಂದ ಮಾತ್ರ ನಿಲ್ಲಿಸಿ, ಅದಕ್ಕೆ ತೆಂಗಿನ ಗರಿ ಒರಗಿಸಿ, ಅದರೊಳಗೆ ಮಲಗಿದ್ದರು. ಅಮ್ಮ ಇದನ್ನು ನನಗೆ ಹೇಳಿದ್ದೂ ಒಂದೇ ಸಲ. ಆಮೇಲೆ ನಾನು ಕೇಳಲಿಲ್ಲ. ಅದು ಅಮ್ಮನ ದುಃಖ, ನನ್ನದು ಅಂತ ಎತ್ತಿಕೊಂಡು ಹೇಳಲು ನನಗೇನು ಹಕ್ಕು ಅನ್ನಿಸುತ್ತಿತ್ತು.

ಎರಡೂ ಒಂದೇ ಅಂತ ನಾನು ಹೇಳಲ್ಲ. ಇಲ್ಲಿ ಕುರಿಗಾಗಿ ಎಬ್ಬಿಸಿದರು, ಲಾಭ ಒಂದು ಮನೆತನಕ್ಕೆ. ಅಲ್ಲಿ ಕರೆಂಟಿಗಾಗಿ. ಶರಾವತಿಯ ಬೆಳಕು ಇಡೀ ರಾಜ್ಯಕ್ಕೆ ಹೋಯಿತು, ಬೆಂಗಳೂರಿನ ಹಾಸ್ಟೆಲಿನಲ್ಲಿ ನಾನು ಓದಿದ್ದೂ ಅದೇ ಬೆಳಕಿನಲ್ಲಿ. ಅದು ಬೇಡವಾಗಿತ್ತು ಅನ್ನುವ ಬಾಯಿ ನನಗಿಲ್ಲ. ಆದರೆ ಅರವತ್ತು ವರ್ಷ ಆದರೂ ಎಷ್ಟೋ ಮುಳುಗಡೆ ಮನೆಗಳಿಗೆ ಹಕ್ಕುಪತ್ರ ಸಿಕ್ಕಿಲ್ಲ. ಕಾಡು ಅಂತ ಒಂದು ಇಲಾಖೆ, ಕಂದಾಯ ಅಂತ ಇನ್ನೊಂದು. ಮಾವ ಫೈಲು ಹಿಡಿದು ಅಲೆದಿದ್ದನ್ನು ನಾನು ಚಿಕ್ಕವಳಿದ್ದಾಗಿನಿಂದ ನೋಡಿದ್ದೇನೆ. ಸ್ಕಾಟ್ಲೆಂಡಿನಲ್ಲಿ ಕ್ರಾಫ್ಟಿನವರನ್ನು ಸುಮ್ನೆ ಎಬ್ಬಿಸೋ ಹಾಗಿಲ್ಲ ಅನ್ನೋ ಕಾನೂನು 1886ರಲ್ಲಿ ಬಂತು. 1993ರಲ್ಲಿ ಅಸಿಂಟ್ ಅನ್ನೋ ಕಡೆ ಕ್ರಾಫ್ಟಿನವರೇ ದುಡ್ಡು ಕೂಡಿಸಿ ತಮ್ಮ ಎಸ್ಟೇಟನ್ನು ಕೊಂಡುಕೊಂಡರು. ಕೈಲ್‌ಸ್ಕೂಗೆ ಹೋಗುವಾಗ ನಾವು ಆ ಸೀಮೆಯಲ್ಲೇ ಹಾದು ಬಂದಿದ್ದೆವು.

ಇವರು ನಡುವೆ ಮಾತಾಡಲಿಲ್ಲ. ಎಲ್ಲ ಮುಗಿದ ಮೇಲೆ, "ಆ ದಾರಂದ ಈಗ ಎಲ್ಲಿದೆ?" ಅಂದರು.

"ಮಾವನ ಮನೆಯಲ್ಲಿ. ನೀವು ನೋಡಿದ್ದೀರಿ. ಮದುವೆಯಾದ ಹೊಸದರಲ್ಲಿ ಹೋದಾಗ ತಲೆ ತಾಗಿಸಿಕೊಂಡಿರಲ್ಲ, ಅದೇ."

ಅವರು ಹಣೆ ಮುಟ್ಟಿಕೊಂಡರು. ಸುಮಾರು ಹೊತ್ತು ಹಾಗೇ ಕೂತಿದ್ದರು.

ಮಲೆನಾಡಿನಲ್ಲಿ ಒಂದು ಲೆಕ್ಕ ಇದೆ, ಅದನ್ನೂ ಹೇಳಿದೆ. ಕಾಡಿನ ನಡುವೆ ದಾಸವಾಳದ ಗಿಡ ಕಂಡರೆ, ಹಲಸಿನ ಮರ ಒಂಟಿಯಾಗಿ ನಿಂತಿದ್ದರೆ, ಸುತ್ತ ಹುಡುಕಿದರೆ ತುಳಸಿಕಟ್ಟೆಯ ಕಲ್ಲು ಸಿಗುತ್ತೆ. ಅಲ್ಲೊಂದು ಮನೆ ಇತ್ತು ಅಂತ ಅರ್ಥ. ಬೇಸಿಗೆಯಲ್ಲಿ ಹಿನ್ನೀರು ಇಳಿದಾಗ ಒಣಗಿದ ಮರದ ಬೊಡ್ಡೆಗಳು, ಹಳೇ ಮಡೆನೂರು ಡ್ಯಾಮಿನ ಗೋಡೆ ಮೇಲೆ ಬರುತ್ತೆ. ಅಜ್ಜ ಇರುವವರೆಗೂ ವರ್ಷಕ್ಕೊಮ್ಮೆ ಬಸ್ಸು ಹಿಡಿದು ಹೋಗಿ ದಡದಲ್ಲಿ ನಿಂತು ಬರುತ್ತಿದ್ದರು. ಮನೆ ಇದ್ದ ಜಾಗ ಯಾವತ್ತೂ ಮೇಲೆ ಬರಲಿಲ್ಲ, ಆಳದಲ್ಲಿತ್ತು. ಆದರೂ ಹೋಗುತ್ತಿದ್ದರು.

ಅವತ್ತಿನಿಂದ ನನಗೆ ಈ ಕರಾವಳಿ ಬೇರೆ ಥರ ಕಾಣಲು ಶುರುವಾಯಿತು. ನಾವೆಲ್ಲ ಇಲ್ಲಿಗೆ ಬರುವುದು ಈ ಒಂಟಿತನಕ್ಕೆ. ಯಾರೂ ಇಲ್ಲ, ಎಷ್ಟು ನೆಮ್ಮದಿ ಅನ್ನುತ್ತೇವೆ. ಆದರೆ ಕಣಿವೆ ತಾನಾಗಿ ಖಾಲಿ ಇದ್ದದ್ದಲ್ಲ, ಖಾಲಿ ಮಾಡಿದ್ದು. ರಸ್ತೆಯಲ್ಲಿ ಬೆರಳೆತ್ತಿ ಹೋಗುವ ಆ ಕೆಲವೇ ಜನ, ಬಂಡೆಯ ಮೇಲೂ ಬಿಡದೆ ಉಳಿದವರ ಮಕ್ಕಳು ಮೊಮ್ಮಕ್ಕಳು. ಅದಕ್ಕೇ ನಾನು ಕೇಳಿಕೊಳ್ಳುವುದು, ಹೋಗುವವರು ದಯವಿಟ್ಟು ಆ ಪಾಸಿಂಗ್ ಪ್ಲೇಸಿನಲ್ಲಿ ಕಾರು ನಿಲ್ಲಿಸಿ ಫೋಟೋ ತೆಗೆಯಬೇಡಿ. ಬೆಟ್ಟಿಹಿಲ್‌ನ ಹಳೇ ಚರ್ಚಿನಲ್ಲಿ ಸ್ಟ್ರಾತ್‌ನೇವರ್ ಮ್ಯೂಸಿಯಂ ಇದೆ, ಅಲ್ಲಿ ಒಂದು ಗಂಟೆ ಕೊಡಿ. ಅಲ್ಲಿನ ಅಂಗಡಿಯಲ್ಲಿ ಬ್ರೆಡ್ಡು ಹಾಲು ಕೊಳ್ಳಿ, ಎಲ್ಲವನ್ನೂ ಇನ್ವರ್ನೆಸ್‌ನಿಂದ ತುಂಬಿಕೊಂಡು ಬರಬೇಡಿ.

ಆ ರಾತ್ರಿ ಥರ್ಸೋದಲ್ಲಿ ಉಳಿದೆವು. ಮಿಡಿ ಉಪ್ಪಿನಕಾಯಿ, ಮೊಸರು, ತಣ್ಣಗಿನ ಅನ್ನ. ಊಟ ಮಾಡುತ್ತ ಇವರು ತಮ್ಮ ಅಜ್ಜಿಯ ಕಥೆ ಶುರು ಮಾಡಿದರು, ನಾನು ಕೇಳಿರದ ಕಥೆ. ಅದು ಅವರದ್ದು, ಇಲ್ಲಿ ಬರೆಯಲ್ಲ. ಒಂದು ಗಂಟೆ ದಾಟಿತ್ತು ಮಲಗುವಾಗ, ಆಕಾಶ ಆಗಲೂ ಪೂರ್ತಿ ಕಪ್ಪಾಗಿರಲಿಲ್ಲ.

ಬೆಳಿಗ್ಗೆ ಡನೆಟ್ ಹೆಡ್. ಬ್ರಿಟನ್ನಿನ ಮುಖ್ಯ ನೆಲದ ಉತ್ತರದ ತುತ್ತತುದಿ ಇದೇ. ಎಲ್ಲರೂ ಜಾನ್ ಓ ಗ್ರೋಟ್ಸ್ ಅಂದುಕೊಳ್ಳುತ್ತಾರೆ, ಅಲ್ಲ. ರಾಬರ್ಟ್ ಸ್ಟೀವನ್‌ಸನ್ 1831ರಲ್ಲಿ ಕಟ್ಟಿದ ದೀಪಸ್ತಂಭ. ಕಣ್ಣು ಹಾಯಿಸಿದರೆ ಎದುರಿಗೆ ಆರ್ಕ್‌ನಿ ದ್ವೀಪಗಳು ಕಾಣಬೇಕಿತ್ತು. ಮಂಜಿನಲ್ಲಿ ದೀಪಸ್ತಂಭದ ತಲೆಯೇ ಅರ್ಧ ಕಾಣಲಿಲ್ಲ. ಕೆಳಗೆಲ್ಲೋ ಹಕ್ಕಿಗಳ ಗದ್ದಲ, ಸಂತೆಯ ಹಾಗೆ. ಬೇಲಿಯ ಅಂಚಿನಲ್ಲಿ ಒಂದೇ ಒಂದು ಪಫಿನ್ ಕೂತಿತ್ತು, ಕಿತ್ತಳೆ ಕೊಕ್ಕು, ಗಂಭೀರ ಮುಖ. ಇವರು ಗಡಿಯಾರ ನೋಡಲಿಲ್ಲ. ಅದು ಹಾರಿಹೋಗುವವರೆಗೆ ನಿಂತೆವು.

ದಕ್ಷಿಣಕ್ಕೆ ಇಳಿಯುವಾಗ ಹೆಲ್ಮ್ಸ್‌ಡೇಲ್ ಇನ್ನೂ ದೂರ ಇತ್ತು. ನಾನು ಕಣ್ಣು ಮುಚ್ಚಿದ್ದೆ. ಕಾರು ನಿಧಾನವಾಯಿತು, ಅಗಲವಾದ ಒಂದು ಕಡೆ ಪಕ್ಕಕ್ಕೆ ಸರಿದು ನಿಂತಿತು.

"ಏನಾಯ್ತು, ಮತ್ತೆ ಟೈರಾ?"

"ಅಲ್ಲ ಕಣೇ. ಅಲ್ಲಿ ನೋಡು, ಗುಡ್ಡದ ಮೇಲೆ, ಆ ಕಂದು ಮಧ್ಯೆ. ಹಸಿರು ಕಾಣ್ತಿದೆ."

ಬಾಗಿಲು ತೆಗೆದು ಅವರಾಗಲೇ ಇಳಿದಿದ್ದರು.